ಕಡಲೆಬೀಜದ ಖಾರದ ಸಾಸ್: ನೀರು ಹಾಕಿದರೆ ಗಟ್ಟಿಯಾಗುವುದೇಕೆ?

ಹುರಿದ ಕಡಲೆಬೀಜವನ್ನು ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಅದು ತನ್ನದೇ ಎಣ್ಣೆ ಬಿಟ್ಟುಕೊಂಡು ಜೇನಿನಂತೆ ಹರಿಯುವ ಹದಕ್ಕೆ ಬಂದ ಮೇಲೆ, ಸಾಸ್ ಮಾಡೋಣವೆಂದು ಒಂದು ಚಮಚ ನೀರನ್ನೋ ನಿಂಬೆರಸವನ್ನೋ ಹಾಕಿ ಕಲಸಿದವರಿಗೆ ಒಂದು ವಿಚಿತ್ರ ಕಾಣಿಸುತ್ತದೆ. ತೆಳುವಾಗಬೇಕಿದ್ದ ಮುದ್ದೆ ಗಟ್ಟಿಯಾಗಿ, ಚಮಚಕ್ಕೆ ಅಂಟಿಕೊಂಡು, ಮಣ್ಣಿನ ಹೆಂಟೆಯಂತೆ ಬಿರಿಯತೊಡಗುತ್ತದೆ. ಮೊದಲ ಸಲ ಮಾಡುವವರಲ್ಲಿ ಹಲವರು ಇಲ್ಲಿಯೇ ಕೈಚೆಲ್ಲುತ್ತಾರೆ. ಇನ್ನು ಕೆಲವರು ಗಾಬರಿಯಿಂದ ಎಣ್ಣೆ ಸುರಿದು ಅದನ್ನು ಜಿಡ್ಡಿನ ಮುದ್ದೆ ಮಾಡಿಕೊಳ್ಳುತ್ತಾರೆ. ಆ ಹೊತ್ತಿಗೆ ನಿಜವಾಗಿ ಏನೂ ಕೆಟ್ಟಿರುವುದಿಲ್ಲ. ಇನ್ನೂ ನಾಲ್ಕಾರು ಚಮಚ ನೀರು ಹಾಕಿ ಕಲಸುತ್ತ ಹೋದರೆ ಅದೇ ಮುದ್ದೆ ಇದ್ದಕ್ಕಿದ್ದಂತೆ ಸಡಿಲಗೊಂಡು, ಬಣ್ಣ ತಿಳಿಯಾಗಿ, ನಯವಾದ ಸಾಸ್ ಆಗುತ್ತದೆ.

ಈ ಒಂದು ತಿರುವು ಅರ್ಥವಾದರೆ ಕಡಲೆಬೀಜದ ಸಾಸ್‌ನ ಮುಕ್ಕಾಲು ಪಾಲು ಅರ್ಥವಾದಂತೆ. ಉಳಿದ ಕಾಲುಭಾಗ ಹುರಿಯುವುದರಲ್ಲಿ, ಖಾರವನ್ನು ಪಳಗಿಸುವುದರಲ್ಲಿ ಮತ್ತು ಹುಳಿ, ಉಪ್ಪು, ಸಿಹಿಗಳನ್ನು ಹೊಂದಿಸುವುದರಲ್ಲಿದೆ. ಹಿಂದೆ ಅಂಗಡಿಯ ಬಾಟಲಿಯಲ್ಲಿ ಮಾತ್ರ ಕಂಡಿದ್ದ ಈ ಸಾಸ್ ಅನ್ನು ಮನೆಯಲ್ಲಿಯೇ ಮಾಡಬೇಕೆಂದು ಹೊರಟವರಿಗೆ ಪಾಕವಿಧಾನಗಳು ಬೇಕಾದಷ್ಟು ಸಿಗುತ್ತವೆ. ಯಾವ ಹಂತದಲ್ಲಿ ಏನು ನಡೆಯುತ್ತದೆ, ಏಕೆ ನಡೆಯುತ್ತದೆ ಎಂಬುದು ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಮೊದಲು ಕಾರಣಗಳನ್ನು ಹೇಳಿ, ಅಳತೆಯನ್ನು ಆಮೇಲೆ ಕೊಟ್ಟಿದೆ.

## ಬೀಜದೊಳಗೆ ಏನಿದೆ

ಕಡಲೆಬೀಜವನ್ನು, ಅಂದರೆ ಶೇಂಗಾವನ್ನು, ಬಾದಾಮಿ ಗೋಡಂಬಿಗಳ ಸಾಲಿನಲ್ಲಿ ಇಟ್ಟು ನೋಡುವುದು ರೂಢಿ. ಸಸ್ಯಶಾಸ್ತ್ರದ ಪ್ರಕಾರ ಅದು ಬಟಾಣಿ, ಹುರುಳಿ, ಸೋಯಾಗಳ ಕುಟುಂಬಕ್ಕೆ ಸೇರಿದ್ದು. ಹೂವು ನೆಲದ ಮೇಲೆ ಅರಳಿದರೂ, ಪರಾಗಸ್ಪರ್ಶವಾದ ಮೇಲೆ ಹೂವಿನ ಬುಡದಿಂದ ಸೂಜಿಯಂಥ ಕಡ್ಡಿಯೊಂದು ಕೆಳಗಿಳಿದು ಮಣ್ಣಿನೊಳಗೆ ಹೊಕ್ಕು, ಕಾಯಿ ಅಲ್ಲಿಯೇ ಬಲಿಯುತ್ತದೆ. ಬಟಾಣಿ, ಹುರುಳಿಗಳು ತಮ್ಮ ಮುಂದಿನ ಪೀಳಿಗೆಗೆ ಆಹಾರವನ್ನು ಹೆಚ್ಚಾಗಿ ಪಿಷ್ಟದ ರೂಪದಲ್ಲಿ ಕೂಡಿಟ್ಟರೆ ಕಡಲೆಬೀಜ ಅದನ್ನು ಎಣ್ಣೆಯ ರೂಪದಲ್ಲಿ ಕೂಡಿಡುತ್ತದೆ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ, ಕಾಲುಭಾಗ ಪ್ರೋಟೀನ್; ಉಳಿದದ್ದರಲ್ಲಿ ಪಿಷ್ಟ, ನಾರು, ಸ್ವಲ್ಪ ಸಕ್ಕರೆ ಮತ್ತು ಸ್ವಲ್ಪ ನೀರು. 150 ಗ್ರಾಂ ಬೀಜ ತೆಗೆದುಕೊಂಡರೆ ಅದರಲ್ಲಿ 70 ಗ್ರಾಂಗಿಂತ ಹೆಚ್ಚು ಎಣ್ಣೆ ಆಗಲೇ ಇದೆ. ಅರೆಯುವಾಗ ಮೇಲಿನಿಂದ ಎಣ್ಣೆ ಹಾಕುವ ಅಗತ್ಯ ಸಾಮಾನ್ಯವಾಗಿ ಬೀಳದಿರುವುದು ಇದರಿಂದಲೇ.

ಇಷ್ಟು ಎಣ್ಣೆಯಿದ್ದರೂ ಬೀಜವನ್ನು ಕೈಯಲ್ಲಿ ಹಿಡಿದರೆ ಜಿಡ್ಡು ಹತ್ತುವುದಿಲ್ಲ. ಎಣ್ಣೆಯು ಜೀವಕೋಶಗಳ ಒಳಗೆ, ಒಂದು ಮಿಲಿಮೀಟರಿನ ಸಾವಿರದ ಒಂದೆರಡು ಪಾಲಿನಷ್ಟು ಸಣ್ಣ ಹನಿಗಳಾಗಿ, ಪ್ರತಿ ಹನಿಯ ಸುತ್ತಲೂ ಪ್ರೋಟೀನಿನ ತೆಳು ಹೊದಿಕೆಯೊಂದಿಗೆ ಭದ್ರವಾಗಿ ಕುಳಿತಿರುತ್ತದೆ. ಹುರಿಯುವುದು ಈ ಭದ್ರತೆಯನ್ನು ಸಡಿಲಿಸುತ್ತದೆ, ಅರೆಯುವುದು ಅದನ್ನು ಒಡೆಯುತ್ತದೆ.

## ಹುರಿಯುವುದು: ರುಚಿ ಹುಟ್ಟುವ ಹಂತ

ಹಸಿ ಕಡಲೆಬೀಜಕ್ಕೂ ಹುರಿದ ಕಡಲೆಬೀಜಕ್ಕೂ ಇರುವ ಅಂತರ ದೊಡ್ಡದು. ಹಸಿಯದರಲ್ಲಿ ಹಸಿ ಬಟಾಣಿಯ ವಾಸನೆಯಿದೆ; ಹುರಿದದ್ದರಲ್ಲಿ ನಮಗೆ ಪರಿಚಿತವಾದ ಆ ಗಾಢ ಪರಿಮಳವಿದೆ. ಈ ಪರಿಮಳ ಬೀಜದಲ್ಲಿ ಮೊದಲೇ ಅಡಗಿ ಕುಳಿತದ್ದಲ್ಲ, ಬಿಸಿಯಲ್ಲಿ ಹೊಸದಾಗಿ ಹುಟ್ಟುವಂಥದ್ದು. ಬೀಜದ ನೀರು ಆರಿ ಉಷ್ಣತೆ ಏರಿದಂತೆ ಸಕ್ಕರೆಯ ಅಣುಗಳೂ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳೂ ಒಂದಕ್ಕೊಂದು ಕೂಡಿ, ಮುರಿದು, ಮತ್ತೆ ಕೂಡಿ, ಕಂದು ಬಣ್ಣವನ್ನೂ ನೂರಾರು ಸುವಾಸನೆಯ ಸಂಯುಕ್ತಗಳನ್ನೂ ಕೊಡುತ್ತವೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಫ್ರಾನ್ಸಿನ ಲೂಯಿ ಕಮಿಲ್ ಮೇಯಾರ್ ಅವರ ಹೆಸರಿನಿಂದಲೇ ಇದನ್ನು ಮೇಯಾರ್ ಕ್ರಿಯೆ ಎನ್ನುತ್ತಾರೆ. ರೊಟ್ಟಿಯ ಮೇಲ್ಮೈ ಕೆಂಪಾಗುವುದೂ ಕಾಫಿಬೀಜ ಪರಿಮಳಿಸುವುದೂ ಬಹುಪಾಲು ಇದರಿಂದಲೇ. ಹುರಿದ ಕಡಲೆಬೀಜದ ವಿಶಿಷ್ಟ ವಾಸನೆಗೆ ಮುಖ್ಯ ಕಾರಣವಾದ ಪೈರಜೀನ್‌ಗಳೆಂಬ ಸಂಯುಕ್ತಗಳು ಇಲ್ಲಿ ಹುಟ್ಟುತ್ತವೆ.

ಓವನ್ ಇದ್ದರೆ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 15 ನಿಮಿಷ ಸಾಕು. ಬಾಣಲೆಯಲ್ಲಾದರೆ ಮಧ್ಯಮಕ್ಕಿಂತ ಸಣ್ಣ ಉರಿಯಲ್ಲಿ, ಕೈ ಬಿಡದೆ ಕೆದಕುತ್ತ, ಹತ್ತು ಹನ್ನೆರಡು ನಿಮಿಷ ಹುರಿಯಬೇಕು. ಉರಿ ಜೋರು ಮಾಡಿದರೆ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹಸಿ ಹಾಗೆಯೇ ಉಳಿಯುತ್ತದೆ. ಸಿಪ್ಪೆಯ ಬಣ್ಣ ನೋಡಿ ಹದ ತಿಳಿಯುವುದು ಕಷ್ಟ. ಒಂದು ಬೀಜವನ್ನು ತೆಗೆದು ಎರಡು ಹೋಳು ಮಾಡಿ ಒಳಗಿನ ಬಣ್ಣ ನೋಡುವುದೇ ಸರಿಯಾದ ಪರೀಕ್ಷೆ. ಒಳಗೆ ತಿಳಿ ಹೊಂಬಣ್ಣ ಬಂದಿರಬೇಕು. ಬೇಕಾದ ಬಣ್ಣ ಬರುವುದಕ್ಕೆ ಸ್ವಲ್ಪ ಮೊದಲೇ ಒಲೆಯಿಂದ ಇಳಿಸಿ ಅಗಲವಾದ ತಟ್ಟೆಗೆ ಹರಡಬೇಕು, ಏಕೆಂದರೆ ಎಣ್ಣೆ ತುಂಬಿದ ಬೀಜ ಬಿಸಿಯನ್ನು ಬೇಗ ಬಿಡುವುದಿಲ್ಲ. ಒಲೆ ಆರಿಸಿದ ಮೇಲೂ ಒಳಗೊಳಗೇ ಹುರಿಯುತ್ತಿರುತ್ತದೆ.

ಆರಿದ ಮೇಲೆ ಕೈಯಿಂದ ಉಜ್ಜಿ ಸಿಪ್ಪೆ ತೆಗೆಯುವುದು ಒಳ್ಳೆಯದು. ಸಿಪ್ಪೆಯಲ್ಲಿರುವ ಟ್ಯಾನಿನ್‌ಗಳು, ಅಂದರೆ ಚಹಾಕ್ಕೆ ಒಗರು ಕೊಡುವ ಬಗೆಯ ಪದಾರ್ಥಗಳು, ಸಾಸ್‌ಗೂ ಒಗರನ್ನೂ ಕಹಿಯನ್ನೂ ತರುತ್ತವೆ. ಅಲ್ಲಲ್ಲಿ ಸ್ವಲ್ಪ ಉಳಿದರೆ ಚಿಂತೆಯಿಲ್ಲ.

## ಅರೆಯುವುದು

ಈ ಹಂತದಲ್ಲಿ ಬೇಕಾದದ್ದು ತಾಳ್ಮೆಯೊಂದೇ. ಮಿಕ್ಸಿಯ ಜಾರ್ ಪೂರ್ತಿ ಒಣಗಿರಬೇಕು, ಬೀಜದಿಂದ ಹಬೆ ಬರುತ್ತಿರಬಾರದು, ಆದರೆ ಬೀಜ ಇನ್ನೂ ಉಗುರುಬೆಚ್ಚಗಿದ್ದರೆ ಎಣ್ಣೆ ಬೇಗ ಬಿಡುತ್ತದೆ. ಮೊದಲು ತರಿತರಿ ಪುಡಿಯಾಗುತ್ತದೆ, ಆಮೇಲೆ ಪುಡಿ ತೇವಗೊಂಡಂತೆ ಕಂಡು ಜಾರಿನ ಗೋಡೆಗೆ ಅಂಟುತ್ತದೆ, ಮುಂದೆ ಮುದ್ದೆಗಟ್ಟುತ್ತದೆ. ಇಲ್ಲಿಯೇ ಮುಗಿಯಿತೆಂದು ನಿಲ್ಲಿಸುವವರು ಹೆಚ್ಚು. ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಗೋಡೆಗೆ ಅಂಟಿದ್ದನ್ನು ಕೆರೆದು ಕೆಳಗೆ ತಂದು ಮತ್ತೆ ತಿರುಗಿಸುತ್ತ ಹೋದರೆ ಎಣ್ಣೆಯ ಹನಿಗಳು ಒಂದೊಂದಾಗಿ ಒಡೆದು ಕೂಡಿಕೊಂಡು, ಮುದ್ದೆ ಕರಗಿದಂತಾಗಿ, ಧಾರೆಯಾಗಿ ಹರಿಯುವ ಹದ ಬರುತ್ತದೆ. ನಡುವೆ ಬಿಡುವು ಕೊಡುವುದು ಮಿಕ್ಸಿಯ ಮೋಟಾರಿಗೂ ಒಳ್ಳೆಯದು. ಬೀಜ ಅರೆಯುವಾಗ ಒಂದು ಹನಿ ನೀರೂ ಬೀಳಬಾರದು. ಬಿದ್ದರೆ ಮುಂದೆ ಹೇಳಲಿರುವ ಗಟ್ಟಿಯಾಗುವ ಹಂತ ಜಾರಿನೊಳಗೇ ಶುರುವಾಗಿ ಅಲಗು ತಿರುಗದಂತಾಗುತ್ತದೆ.

ಸಾಸ್‌ನಲ್ಲಿ ಕಡಲೆಬೀಜದ ಚೂರು ಹಲ್ಲಿಗೆ ಸಿಗಬೇಕೆನ್ನುವವರು ಒಂದು ಹಿಡಿ ಬೀಜವನ್ನು ಬೇರೆಯಾಗಿ ಕುಟ್ಟಿ ಇಟ್ಟುಕೊಂಡು ಕೊನೆಗೆ ಬೆರೆಸಬಹುದು. ಅರೆದದ್ದನ್ನೇ ಅರ್ಧಕ್ಕೆ ನಿಲ್ಲಿಸಿ ತರಿ ಉಳಿಸಿಕೊಳ್ಳುವುದಕ್ಕಿಂತ ಇದು ಮೇಲು, ಏಕೆಂದರೆ ಸಾಸ್ ಹಿಡಿದುಕೊಳ್ಳುವುದು ನುಣ್ಣನೆಯ ಭಾಗದಿಂದ.

ಅರೆಯುವ ಬದಲು ಕೊಂಡುತಂದ ಪೀನಟ್ ಬಟರ್ ಬಳಸಬಹುದೇ? ಬಳಸಬಹುದು, ಚೀಟಿ ಓದಿದರೆ. ಅಮೆರಿಕದ ನಿಯಮದಲ್ಲಿ ಪೀನಟ್ ಬಟರ್ ಎಂಬ ಹೆಸರಿನಲ್ಲಿ ಮಾರುವುದರಲ್ಲಿ ಕನಿಷ್ಠ ನೂರಕ್ಕೆ 90ರಷ್ಟು ಕಡಲೆಬೀಜ ಇರಬೇಕು. ಉಳಿದ ಭಾಗದಲ್ಲಿ ಸಕ್ಕರೆ, ಉಪ್ಪು ಮತ್ತು ಎಣ್ಣೆ ಮೇಲೆ ತೇಲದಂತೆ ತಡೆಯುವ ಗಟ್ಟಿ ಕೊಬ್ಬು ಇರುವುದು ಸಾಮಾನ್ಯ. ಹಾಗಿದ್ದರೆ ಸಾಸ್‌ಗೆ ಹಾಕುವ ಬೆಲ್ಲ, ಉಪ್ಪುಗಳನ್ನು ಅಷ್ಟರಮಟ್ಟಿಗೆ ಇಳಿಸಬೇಕು. ಪದಾರ್ಥಗಳ ಪಟ್ಟಿಯಲ್ಲಿ ಕಡಲೆಬೀಜ ಮಾತ್ರ ಇದ್ದು, ಮೇಲೆ ಎಣ್ಣೆ ತೇಲುತ್ತಿರುವ ಸೀಸೆ ಸಾಸ್‌ಗೆ ಎಲ್ಲಕ್ಕಿಂತ ಒಳ್ಳೆಯದು.

## ನೀರು ಸೇರಿದಾಗ ಏನಾಗುತ್ತದೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅರೆದ ಕಡಲೆಬೀಜ ನೋಡುವುದಕ್ಕೆ ಒದ್ದೆಯಾಗಿ ಕಂಡರೂ ಅದರಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ಪ್ರೋಟೀನ್, ಪಿಷ್ಟ, ನಾರುಗಳ ಒಣ ಕಣಗಳು ಎಣ್ಣೆಯಲ್ಲಿ ತೇಲುತ್ತಿರುತ್ತವೆ. ಎಣ್ಣೆ ಕಣಗಳ ನಡುವೆ ಜಾರುಪದರದಂತೆ ನಿಂತಿರುವುದರಿಂದ ಮುದ್ದೆ ಹರಿಯುತ್ತದೆ. ಆದರೆ ಈ ಕಣಗಳಿಗೆ ಸ್ವಭಾವತಃ ಎಣ್ಣೆಗಿಂತ ನೀರೇ ಹತ್ತಿರ. ಒಂದು ಚಮಚ ನೀರು ಬಿದ್ದೊಡನೆ ಅದು ಎಣ್ಣೆಯೊಂದಿಗೆ ಬೆರೆಯಲಾರದೆ ನೇರವಾಗಿ ಕಣಗಳ ಮೈಗೆ ಹತ್ತುತ್ತದೆ. ಒದ್ದೆಯಾದ ಕಣಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ, ನಡುವೆ ಇದ್ದ ಎಣ್ಣೆ ಬದಿಗೆ ಸರಿಯುತ್ತದೆ, ಮುದ್ದೆ ಬಿಗಿಯುತ್ತದೆ.

ಇದನ್ನು ಮರಳಿನಿಂದ ತಿಳಿಯುವುದು ಸುಲಭ. ಒಣ ಮರಳು ಬೆರಳ ಸಂದಿಯಿಂದ ಸಲೀಸಾಗಿ ಜಾರುತ್ತದೆ. ಅದಕ್ಕೆ ಸ್ವಲ್ಪ ನೀರು ಚಿಮುಕಿಸಿದರೆ ಮಕ್ಕಳು ಅದರಿಂದ ಗೂಡು ಕಟ್ಟಬಲ್ಲಷ್ಟು ಬಿಗಿಯಾಗುತ್ತದೆ, ಏಕೆಂದರೆ ಕಣಗಳ ನಡುವಿನ ಚಿಕ್ಕ ಚಿಕ್ಕ ನೀರಿನ ಸೇತುವೆಗಳು ಅವುಗಳನ್ನು ಹಿಡಿದಿಡುತ್ತವೆ. ಅದೇ ಮರಳಿಗೆ ಬಿಂದಿಗೆ ನೀರು ಸುರಿದರೆ ಗೂಡು ಕುಸಿದು ಎಲ್ಲವೂ ಕೆಸರಾಗಿ ಹರಿಯುತ್ತದೆ. ಕಡಲೆಬೀಜದ ಮುದ್ದೆಯಲ್ಲಿಯೂ ಈ ಮೂರು ಸ್ಥಿತಿಗಳಿವೆ: ನೀರಿಲ್ಲದಾಗ ಹರಿಯುತ್ತದೆ, ಸ್ವಲ್ಪ ನೀರಿಗೆ ಬಿಗಿಯುತ್ತದೆ, ಸಾಕಷ್ಟು ನೀರಿಗೆ ಮತ್ತೆ ಹರಿಯುತ್ತದೆ. ಕರಗಿಸಿದ ಚಾಕೊಲೇಟ್‌ಗೆ ಒಂದು ಹನಿ ನೀರು ಬಿದ್ದರೆ ಅದು ಗಂಟುಕಟ್ಟುವುದೂ ಇದೇ ಕಾರಣಕ್ಕೆ.

ಆದರೆ ಮರಳಿನ ಹೋಲಿಕೆ ಒಂದು ಮುಖ್ಯ ಸಂಗತಿಯನ್ನು ಹೇಳುವುದಿಲ್ಲ. ಮೊದಲು ಎಣ್ಣೆ ಹೊರಗಿನ ಮನೆಯಾಗಿತ್ತು, ಉಳಿದದ್ದೆಲ್ಲ ಅದರೊಳಗಿತ್ತು. ನೀರು ಹೆಚ್ಚಿದಂತೆ ಒಂದು ಹಂತದಲ್ಲಿ ಈ ವ್ಯವಸ್ಥೆ ತಿರುಗುಮುರುಗಾಗಿ, ನೀರು ಹೊರಮನೆಯಾಗಿ ಎಣ್ಣೆ ಅದರೊಳಗೆ ಅಸಂಖ್ಯಾತ ಸಣ್ಣ ಹನಿಗಳಾಗಿ ಚದುರುತ್ತದೆ. ಪರಸ್ಪರ ಬೆರೆಯದ ಎರಡು ದ್ರವಗಳಲ್ಲಿ ಒಂದು ಇನ್ನೊಂದರೊಳಗೆ ಹೀಗೆ ಹನಿಹನಿಯಾಗಿ ನಿಲ್ಲುವುದನ್ನು ಎಮಲ್ಷನ್ ಎನ್ನುತ್ತಾರೆ; ಹಾಲು ಅದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಎಣ್ಣೆಹನಿಗಳು ಮತ್ತೆ ಕೂಡಿಕೊಂಡು ತೇಲಿಬರದಂತೆ ಅವುಗಳ ಮೈಗೆ ಕವಚ ಹೊದಿಸುವ ಕೆಲಸವನ್ನು ಕಡಲೆಬೀಜದ್ದೇ ಪ್ರೋಟೀನ್ ಮಾಡುತ್ತದೆ. ಸಾಸ್ ತಿರುವಿಕೊಂಡಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಗುರುತು ಬಣ್ಣ: ಸಣ್ಣ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುವುದರಿಂದ ಕಂದು ಮುದ್ದೆ ಒಮ್ಮೆಲೇ ತಿಳಿಯಾಗಿ ಕೆನೆಬಣ್ಣಕ್ಕೆ ತಿರುಗುತ್ತದೆ. ಹಾಲು ಬೆಳ್ಳಗೆ ಕಾಣುವುದರಲ್ಲಿಯೂ ಹೀಗೆ ಬೆಳಕು ಚೆಲ್ಲುವ ಹನಿಗಳ ಪಾತ್ರವಿದೆ. ಎಷ್ಟು ಸಲ ಮಾಡಿದರೂ ಈ ಕ್ಷಣ ನನಗೆ ಸಂತೋಷ ಕೊಡುತ್ತದೆ.

ಇದರಿಂದ ಹೊರಡುವ ನಿಯಮ ಸರಳವಾಗಿದೆ. ನೀರನ್ನು ಒಂದೊಂದೇ ಚಮಚ ಹಾಕಿ, ಪ್ರತಿ ಸಲವೂ ಪೂರ್ತಿ ಹೀರಿಕೊಳ್ಳುವವರೆಗೆ ಕಲಸಬೇಕು, ಬಿಗಿದಾಗ ನಿಲ್ಲಿಸಬಾರದು. ಸುಮಾರಾಗಿ, ಮುದ್ದೆಯ ತೂಕದ ಅರ್ಧದಷ್ಟು ನೀರು ಸೇರುವ ಹೊತ್ತಿಗೆ ಸಡಿಲಗೊಳ್ಳುತ್ತದೆ, ಆಮೇಲೆ ಬೇಕಾದ ಹದಕ್ಕೆ ತೆಳುಮಾಡಿಕೊಳ್ಳಬಹುದು. ಎಲ್ಲ ನೀರನ್ನೂ ಒಮ್ಮೆಲೇ ಸುರಿದರೆ ಗಂಟುಗಳು ನೀರಿನಲ್ಲಿ ತೇಲಾಡುತ್ತವೆ, ಕೈಯಿಂದ ಕಲಸುವವರು ಅವುಗಳನ್ನು ಒಡೆಯುವುದರಲ್ಲಿಯೇ ದಣಿಯುತ್ತಾರೆ. ನೀರು ಕೈ ತಾಳುವಷ್ಟು ಬಿಸಿಯಾಗಿದ್ದರೆ ಎಣ್ಣೆ ಸಡಿಲವಾಗಿರುತ್ತದೆ, ಕಣಗಳೂ ಬೇಗ ನೆನೆಯುತ್ತವೆ. ನಿಂಬೆರಸ, ಸೋಯಾ ಸಾಸ್, ಹುಣಸೆರಸ ಇವೆಲ್ಲವೂ ಬಹುಪಾಲು ನೀರೇ ಎಂಬುದನ್ನು ನೆನಪಿಡಬೇಕು. ಮೊದಲ ಬಿಗಿತಕ್ಕೆ ಕಾರಣವಾಗುವುದು ಹಲವು ಸಲ ಅವೇ.

## ಖಾರ ಎಂಬುದು ರುಚಿಯಲ್ಲ

ಖಾರವನ್ನು ನಾವು ರುಚಿಗಳ ಸಾಲಿನಲ್ಲಿ ಎಣಿಸುತ್ತೇವೆ. ನಾಲಿಗೆಯ ರುಚಿಮೊಗ್ಗುಗಳಿಗೂ ಮೆಣಸಿನಕಾಯಿಯ ಉರಿಗೂ ನೇರ ಸಂಬಂಧವಿಲ್ಲ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ಪದಾರ್ಥ, ಬಿಸಿಯನ್ನೂ ನೋವನ್ನೂ ಗುರುತಿಸುವ ನರತಂತುಗಳಲ್ಲಿನ ಟಿಆರ್‌ಪಿವಿ1 ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಈ ಗ್ರಾಹಕ ಸಾಮಾನ್ಯವಾಗಿ ಎಚ್ಚರಗೊಳ್ಳುವುದು ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ. ಕ್ಯಾಪ್ಸೈಸಿನ್ ಸುಳ್ಳು ಗಂಟೆ ಬಾರಿಸಿದಂತೆ ಅದನ್ನು ಎಬ್ಬಿಸುವುದರಿಂದ ಮಿದುಳಿಗೆ ಬಾಯಿ ಸುಡುತ್ತಿದೆ ಎಂಬ ಸುದ್ದಿ ಹೋಗುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಖಾರದ ಅಳತೆಗೆ ಸ್ಕೋವಿಲ್ ಮಾನ ಬಳಕೆಯಲ್ಲಿದೆ. ಅಮೆರಿಕದ ಔಷಧತಜ್ಞ ವಿಲ್ಬರ್ ಸ್ಕೋವಿಲ್ ಇದನ್ನು ರೂಪಿಸಿದ್ದು 1912ರಲ್ಲಿ, ಮೇಯಾರ್ ತಮ್ಮ ಕ್ರಿಯೆಯನ್ನು ವಿವರಿಸಿದ ವರ್ಷವೇ. ಈ ಸಾಸ್‌ನ ಎರಡು ಮುಖ್ಯ ಗುಣಗಳಿಗೆ ಒಂದೇ ವರ್ಷ ಹೆಸರು ಸಿಕ್ಕಂತಾಯಿತು. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ಎಷ್ಟು ಪಟ್ಟು ತೆಳುಮಾಡಿದರೆ ರುಚಿ ನೋಡುವವರಿಗೆ ಉರಿ ತಿಳಿಯದೆ ಹೋಗುತ್ತದೆ ಎಂಬುದೇ ಮೂಲ ಲೆಕ್ಕ. ದಪ್ಪಮೆಣಸಿನಕಾಯಿಗೆ ಇದು 0. ಹಲಪೀನ್ಯೋಗೆ ಸಾಮಾನ್ಯವಾಗಿ 2,500ರಿಂದ 8,000. ಹಬನೇರೋಗೆ ಒಂದು ಲಕ್ಷವನ್ನೂ ದಾಟುತ್ತದೆ. ಇಷ್ಟು ಅಂತರವಿರುವುದರಿಂದ ಯಾವ ಪಾಕವಿಧಾನದಲ್ಲಿಯೂ "ಆರು ಮೆಣಸಿನಕಾಯಿ" ಎಂಬ ಮಾತನ್ನು ಅಕ್ಷರಶಃ ನಂಬಬಾರದು. ಖಾರ ಹೆಚ್ಚಾಗಿ ಕೂಡಿರುವುದು ಬೀಜಗಳಲ್ಲಿ ಎಂಬ ನಂಬಿಕೆ ವ್ಯಾಪಕ. ಕ್ಯಾಪ್ಸೈಸಿನ್ ಉತ್ಪತ್ತಿಯಾಗುವುದು ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಖಾರ ಇಳಿಸಿ ಬಣ್ಣ ಮತ್ತು ಪರಿಮಳ ಉಳಿಸಿಕೊಳ್ಳಬೇಕಾದರೆ ಆ ತಿರುಳನ್ನು ಕೆರೆದು ತೆಗೆಯಬೇಕು.

ಕಡಲೆಬೀಜದೊಂದಿಗೆ ಮೆಣಸಿನಕಾಯಿ ಇಷ್ಟು ಚೆನ್ನಾಗಿ ಹೊಂದುವುದಕ್ಕೆ ಒಂದು ರಾಸಾಯನಿಕ ಕಾರಣವಿದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಸಾಸ್‌ನಲ್ಲಿ ಅದು ಎಣ್ಣೆಹನಿಗಳೊಳಗೆ ಸೇರಿಕೊಂಡು, ಬಾಯಿಗೆ ಬಂದಾಗ ಒಮ್ಮೆಲೇ ಎರಗದೆ ನಿಧಾನವಾಗಿ ಹೊರಬರುತ್ತದೆ. ಮೊದಲು ಹುರಿದ ಬೀಜದ ಸಿಹಿ, ಆಮೇಲೆ ಹುಳಿ, ಅವುಗಳ ಹಿಂದೆ ಏರುವ ಉರಿ ಎಂಬ ಕ್ರಮ ಹೀಗೆ ಬರುತ್ತದೆ. ಆದ್ದರಿಂದಲೇ ಖಾರ ಸರಿಯಿದೆಯೇ ಎಂದು ನೋಡುವಾಗ ನಾಲಿಗೆಗೆ ತಾಗಿಸಿದೊಡನೆ ತೀರ್ಮಾನಿಸದೆ ಒಂದು ನಿಮಿಷವಾದರೂ ಕಾಯಬೇಕು. ಕಾಯದೆ ಇನ್ನಷ್ಟು ಮೆಣಸಿನಕಾಯಿ ಸೇರಿಸಿದವರು ಊಟದ ಹೊತ್ತಿಗೆ ಪರಿತಪಿಸುತ್ತಾರೆ. ಖಾರ ಮೀರಿದರೆ ನೀರು ಹಾಕುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಇನ್ನಷ್ಟು ಅರೆದ ಕಡಲೆಬೀಜವನ್ನೋ ತೆಂಗಿನ ಹಾಲನ್ನೋ ಸೇರಿಸಬೇಕು, ಜೊತೆಗೆ ಚೂರು ಬೆಲ್ಲ. ಸಿಹಿಗೆ ಉರಿಯ ಅನುಭವವನ್ನು ತಗ್ಗಿಸುವ ಗುಣವಿದೆ.

ಒಣ ಮೆಣಸಿನಕಾಯಿಯನ್ನು ಸಣ್ಣ ಉರಿಯಲ್ಲಿ ಅರ್ಧ ನಿಮಿಷ ಬೆಚ್ಚಗೆ ಮಾಡಿ, ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ ಅರೆದುಕೊಳ್ಳುವುದು ನನ್ನ ಆಯ್ಕೆ. ತೆಳು ಸಿಪ್ಪೆಯ ಈ ಕಾಯಿ ಸೀದುಹೋಗುವುದಕ್ಕೆ ಹೆಚ್ಚು ಹೊತ್ತು ಬೇಡ. ಘಾಟು ಎದ್ದು ಕೆಮ್ಮು ಬರುವಷ್ಟು ಹುರಿದರೆ ಸಾಸ್‌ನಲ್ಲಿ ಕಹಿ ಖಂಡಿತ.

## ಹುಳಿ, ಉಪ್ಪು, ಸಿಹಿ

ಅರೆದ ಕಡಲೆಬೀಜ ಬಾಯಿಗೆ ಭಾರ. ಅದರ ಎಣ್ಣೆ ನಾಲಿಗೆಯ ಮೇಲೆ ಪದರವಾಗಿ ಕೂರುತ್ತದೆ, ಎರಡು ತುತ್ತಿಗೆ ಸಾಕೆನಿಸುತ್ತದೆ. ಈ ಭಾರವನ್ನು ಹಗುರಾಗಿಸುವುದು ಹುಳಿ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಗಾಢವಾಗಿ, ಹಣ್ಣಿನ ರುಚಿಯೊಂದಿಗೆ ಬರುತ್ತದೆ ಮತ್ತು ಕುದಿಗೆ ಬಗ್ಗುವುದಿಲ್ಲ. ನಿಂಬೆರಸದ ಪರಿಮಳ ಬಿಸಿಗೆ ಹಾರಿಹೋಗುವುದರಿಂದ ಅದನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು. ವಿನೆಗರ್ ತೀಕ್ಷ್ಣ, ಕಡಿಮೆ ಸಾಕು.

ಉಪ್ಪಿಗೆ ಸೋಯಾ ಸಾಸ್ ಬಳಸಿದರೆ ಅದರೊಂದಿಗೆ ಗ್ಲುಟಮೇಟ್ ಕೂಡ ಬರುತ್ತದೆ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಸಮುದ್ರಪಾಚಿಯ ಸಾರಿನಿಂದ ಇದನ್ನು ಬೇರ್ಪಡಿಸಿ, ಅದು ಕೊಡುವ ತುಂಬು ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಸಾಮಾನ್ಯ ಸೋಯಾ ಸಾಸ್‌ನ ತೂಕದಲ್ಲಿ ನೂರಕ್ಕೆ ಸುಮಾರು 15ರಷ್ಟು ಉಪ್ಪೇ ಇರುವುದರಿಂದ ಬೇರೆ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಬೇಕು. ಬೆಳ್ಳುಳ್ಳಿಯನ್ನು ಜಜ್ಜಿದಾಗ ಮಾತ್ರ ಹುಟ್ಟುವ ಅಲಿಸಿನ್ ಹಸಿಯಾಗಿ ಬಹಳ ಚುರುಕು; ಒಂದು ಚಮಚ ಎಣ್ಣೆಯಲ್ಲಿ ನಿಮಿಷ ಹೊತ್ತು ಬಾಡಿಸಿದರೆ ಹಸಿ ವಾಸನೆ ಹೋಗಿ ಮೃದುವಾಗುತ್ತದೆ.

## ಅಳತೆ ಮತ್ತು ಕ್ರಮ

ನಾಲ್ವರಿಗೆ ಅದ್ದಿಕೊಳ್ಳಲು ಸಾಕಾಗುವಷ್ಟು ಸಾಸ್‌ಗೆ 150 ಗ್ರಾಂ ಕಡಲೆಬೀಜ, ಮಧ್ಯಮ ಖಾರದ 4ರಿಂದ 6 ಒಣ ಮೆಣಸಿನಕಾಯಿ, 2 ಎಸಳು ಬೆಳ್ಳುಳ್ಳಿ, 1 ದೊಡ್ಡ ಚಮಚ ಎಣ್ಣೆ, ಒಂದೂವರೆ ದೊಡ್ಡ ಚಮಚ ಸೋಯಾ ಸಾಸ್, 2 ದೊಡ್ಡ ಚಮಚ ಗಟ್ಟಿ ಹುಣಸೆರಸ, ಒಂದೂವರೆ ದೊಡ್ಡ ಚಮಚ ತುರಿದ ಬೆಲ್ಲ ಮತ್ತು 150ರಿಂದ 200 ಮಿಲಿಲೀಟರ್ ಬಿಸಿನೀರು ಬೇಕು. ದೊಡ್ಡ ಚಮಚವೆಂದರೆ 15 ಮಿಲಿಲೀಟರ್ ಹಿಡಿಯುವಂಥದ್ದು.

ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಹರಿಯುವ ಹದಕ್ಕೆ ಅರೆದು ಅಗಲವಾದ ಪಾತ್ರೆಗೆ ತೆಗೆಯಿರಿ. ನೆನೆದ ಮೆಣಸಿನಕಾಯಿ ಮತ್ತು ಬೆಳ್ಳುಳ್ಳಿಯನ್ನು ಒಟ್ಟಿಗೆ ಅರೆದು, ಬಾಣಲೆಯಲ್ಲಿ ಎಣ್ಣೆ ಬೆಚ್ಚಗಾದ ಮೇಲೆ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ, ಎಣ್ಣೆಗೆ ಕೆಂಪು ಬಣ್ಣ ಇಳಿಯುವವರೆಗೆ ಬಾಡಿಸಿ. ಆ ಬಣ್ಣ ಇಳಿಯುವಾಗಲೇ ಕ್ಯಾಪ್ಸೈಸಿನ್ ಕೂಡ ಎಣ್ಣೆಗೆ ಇಳಿಯುತ್ತಿರುತ್ತದೆ. ಬೆಲ್ಲ, ಹುಣಸೆರಸ, ಸೋಯಾ ಸಾಸ್ ಹಾಕಿ ಬೆಲ್ಲ ಕರಗಿದೊಡನೆ ಇಳಿಸಿ. ಇದನ್ನು ಕಡಲೆಬೀಜದ ಮುದ್ದೆಗೆ ಬೆರೆಸಿದಾಗ ಅದು ಬಿಗಿಯುತ್ತದೆ. ಈಗ ಬಿಸಿನೀರನ್ನು ಚಮಚ ಚಮಚವಾಗಿ ಸೇರಿಸುತ್ತ, ಬಣ್ಣ ತಿಳಿಯಾಗಿ ನಯವಾಗುವವರೆಗೆ ಕಲಸಿ. ಬೇಕಾದದ್ದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ನಿಲ್ಲಿಸುವುದು ಜಾಣತನ, ಏಕೆಂದರೆ ಪಿಷ್ಟ ಮತ್ತು ಪ್ರೋಟೀನ್ ಮುಂದಿನ ಹತ್ತು ನಿಮಿಷ ನೀರು ಹೀರುತ್ತಲೇ ಇರುತ್ತವೆ.

ಬಿಸಿಯಾಗಿ ಬಡಿಸಬೇಕಾದರೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಸಾಕು. ಹೆಚ್ಚು ಹೊತ್ತು ಕುದಿಸಿದರೆ ನೀರು ಆವಿಯಾಗಿ, ಎಣ್ಣೆಹನಿಗಳ ಕವಚ ಒಡೆದು, ಎಣ್ಣೆ ಮೇಲೆ ತೇಲಿಬರುತ್ತದೆ. ಸಾಸ್ ಒಡೆಯಿತು ಎನ್ನುವುದು ಇದನ್ನೇ. ಒಲೆಯಿಂದ ಇಳಿಸಿ ಎರಡು ಚಮಚ ಬಿಸಿನೀರು ಹಾಕಿ ಬಿರುಸಾಗಿ ಕಲಸಿದರೆ ಹೆಚ್ಚಿನ ಸಲ ಮತ್ತೆ ಕೂಡಿಕೊಳ್ಳುತ್ತದೆ.

## ನಾಡಿನಿಂದ ನಾಡಿಗೆ ಬದಲಾಗುವ ಹದ

ಕಡಲೆಬೀಜದ ಗಿಡದ ಮೂಲ ದಕ್ಷಿಣ ಅಮೆರಿಕ, ಇಂದಿನ ಬೊಲಿವಿಯಾದ ದಕ್ಷಿಣ ಮತ್ತು ಅರ್ಜೆಂಟೀನಾದ ಉತ್ತರದ ಸೀಮೆ. ಮೆಣಸಿನಗಿಡವೂ ಅಮೆರಿಕ ಖಂಡಗಳದ್ದೇ. 1492ರ ನಂತರ ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಹಡಗುಗಳ ಮೂಲಕ ಇವೆರಡೂ ಆಫ್ರಿಕ, ಏಷ್ಯಗಳಿಗೆ ಬಂದು, ಅಲ್ಲಲ್ಲಿನ ಅಡುಗೆಯಲ್ಲಿ ಮತ್ತೆ ಜೊತೆಯಾದವು. ಇಂಡೊನೇಷ್ಯಾದಲ್ಲಿ ಸುಟ್ಟ ಮಾಂಸದ ಸಾತೆಗೂ ಬೇಯಿಸಿದ ತರಕಾರಿಯ ಗಾಡೊ-ಗಾಡೊಗೂ ಕಡಲೆಬೀಜದ ಸಾಸ್ ಬೇಕೇಬೇಕು. ಅಲ್ಲಿ ತಾಳೆಬೆಲ್ಲದ ಸಿಹಿ ಮುಂದೆ ನಿಲ್ಲುತ್ತದೆ. ಥಾಯ್ಲೆಂಡಿನಲ್ಲಿ ನೀರಿನ ಜಾಗಕ್ಕೆ ತೆಂಗಿನ ಹಾಲು ಬರುತ್ತದೆ. ಸೆನೆಗಲ್, ಮಾಲಿಗಳ ಮಾಫೆಯಲ್ಲಿ ಟೊಮೆಟೊ ಜೊತೆ ಕುದಿಸಿದ ಕಡಲೆಬೀಜ, ಅದ್ದಿಕೊಳ್ಳುವ ಸಾಸ್ ಆಗಿರದೆ ಊಟದ ಮುಖ್ಯ ಸಾರೇ ಆಗಿದೆ. ಮೇಲೆ ತಿಳಿಸಿದ ಎಣ್ಣೆ ತೇಲುವ ಸ್ಥಿತಿಯನ್ನು ಅಲ್ಲಿ ಅಡುಗೆ ಪಕ್ವವಾದ ಗುರುತಾಗಿ ಕಾಣುತ್ತಾರೆ. ಮೆಕ್ಸಿಕೊದ ಸಾಲ್ಸಾ ಮಾಚಾದಲ್ಲಿ ನೀರೇ ಇಲ್ಲ: ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಕಡಲೆಬೀಜಗಳನ್ನು ಎಣ್ಣೆಯಲ್ಲಿ ಕರಿದು ಒರಟಾಗಿ ಅರೆಯುತ್ತಾರೆ. ನೀರಿಲ್ಲದ್ದರಿಂದ ಅದು ಬಿಗಿಯುವ ಪ್ರಶ್ನೆಯೂ ಬರುವುದಿಲ್ಲ.

## ಎರಡು ಎಚ್ಚರಿಕೆಗಳು

ಮೊದಲನೆಯದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವುಗಳಿಗೆ ಹಾಕಿದ್ದ ಕಡಲೆಬೀಜದ ಹಿಂಡಿಯಲ್ಲಿ ಬೆಳೆದ ಬೂಷ್ಟು ಬಿಟ್ಟ ವಿಷವೇ ಕಾರಣವೆಂದು ಆಮೇಲೆ ಗೊತ್ತಾಯಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಆ ಬೂಷ್ಟಿನ ಹೆಸರಿನಿಂದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಿದೆ. ಅದು ಯಕೃತ್ತಿಗೆ ಹಾನಿ ಮಾಡುತ್ತದೆ, ದೀರ್ಘಕಾಲದ ಸೇವನೆ ಯಕೃತ್ತಿನ ಕ್ಯಾನ್ಸರ್‌ಗೆ ದಾರಿಯಾಗುತ್ತದೆ, ಮತ್ತು ಮನೆಯಲ್ಲಿ ಹುರಿಯುವ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಹುರಿದರೆ ಎಲ್ಲ ಸರಿಹೋಗುತ್ತದೆ ಎಂಬ ಭಾವನೆ ತಪ್ಪು. ಹುರಿಯುವ ಮೊದಲೇ ಬೀಜವನ್ನು ಹರಡಿ, ಬೂಷ್ಟು ಹಿಡಿದದ್ದು, ಮುರುಟಿದ್ದು, ಬಣ್ಣಗೆಟ್ಟದ್ದನ್ನು ಆರಿಸಿ ಎಸೆಯಬೇಕು. ಕಹಿಯೋ ಕಮಟು ವಾಸನೆಯೋ ಇದ್ದ ಬೀಜವನ್ನೂ ಬಳಸಬಾರದು.

ಎರಡನೆಯದು ಅಲರ್ಜಿ. ಕೆಲವರ ದೇಹ ಕಡಲೆಬೀಜದ ಪ್ರೋಟೀನನ್ನು ಶತ್ರುವೆಂದು ತಿಳಿದು ಪ್ರತಿಕ್ರಿಯಿಸುತ್ತದೆ. ತುಟಿ, ಗಂಟಲು ಊದಿಕೊಂಡು ಉಸಿರಾಟ ಕಷ್ಟವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಹುರಿಯುವುದರಿಂದ ಈ ಗುಣ ಹೋಗುವುದಿಲ್ಲ. ಸಾಸ್‌ನಲ್ಲಿ ಬೀಜ ಕಣ್ಣಿಗೆ ಕಾಣದಿರುವುದರಿಂದ ಅಪಾಯ ಇನ್ನೂ ಹೆಚ್ಚು. ಅತಿಥಿಗಳಿಗೆ ಬಡಿಸುವ ಮುನ್ನ ಇದರಲ್ಲಿ ಕಡಲೆಬೀಜವಿದೆ, ಸೋಯಾ ಇದೆ, ಹೆಚ್ಚಿನ ಸೋಯಾ ಸಾಸ್‌ಗಳಲ್ಲಿರುವ ಗೋಧಿಯೂ ಇದೆ ಎಂದು ಬಾಯಿಬಿಟ್ಟು ಹೇಳಬೇಕು, ಅದ್ದಿದ ಚಮಚವನ್ನು ಬೇರೆ ಪಾತ್ರೆಗೆ ಹಾಕಬಾರದು.

## ಉಳಿದದ್ದನ್ನು ಇಡುವುದು

ಅರೆದ ಕಡಲೆಬೀಜ ಮಾತ್ರವಾದರೆ ಅದರಲ್ಲಿ ನೀರಿಲ್ಲದ ಕಾರಣ ವಾರಗಟ್ಟಲೆ ಇರುತ್ತದೆ. ಸಾಸ್ ಹಾಗಲ್ಲ. ಅದಕ್ಕೆ ನೀರು ಸೇರಿದೆ, ಬೆಳ್ಳುಳ್ಳಿ ಸೇರಿದೆ. ಗಾಳಿ ಕಡಿಮೆಯಿರುವ ಎಣ್ಣೆಯ ಪದಾರ್ಥಗಳಲ್ಲಿ ಬೆಳ್ಳುಳ್ಳಿಯೊಂದಿಗೆ ಬೊಟುಲಿಸಂ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿರುವುದರಿಂದ ಇದನ್ನು ಹೊರಗೆ ಇಟ್ಟುಬಿಡಬಾರದು. ಒಣಗಿದ ಗಾಜಿನ ಸೀಸೆಯಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನಗಳಲ್ಲಿ ಮುಗಿಸುವುದು ಕ್ಷೇಮ. ಹೆಚ್ಚಾಗಿ ಮಾಡಿದ್ದರೆ ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಬಹುದು.

ಮರುದಿನ ತೆಗೆದಾಗ ಸಾಸ್ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗಿರುತ್ತದೆ. ತಣ್ಣಗೆ ಎಣ್ಣೆ ಮಂದವಾಗಿದೆ, ಕಣಗಳು ರಾತ್ರಿಯಿಡೀ ನೀರು ಕುಡಿದಿವೆ. ಈಗ ಒಂದು ಚಮಚ ಬಿಸಿನೀರು ಹಾಕಿ ಕಲಸಿ ನೋಡಿ. ಮೊದಲ ದಿನ ಬಿಗಿದ ಹಾಗೆ ಈ ಸಲ ಬಿಗಿಯುವುದಿಲ್ಲ. ನೀರು ಆಗಲೇ ಹೊರಮನೆಯಾಗಿರುವುದರಿಂದ ಮೊದಲ ಚಮಚಕ್ಕೇ ಸಡಿಲಗೊಳ್ಳತೊಡಗುತ್ತದೆ.